ಪರೀಕ್ಷೆಯ ದಿನದ ಮಾತ್ರೆ

ಭದ್ರಾವತಿಯ ಆ ಸಾಲುಮನೆಗಳಲ್ಲಿ ಮಾರ್ಚ್ ತಿಂಗಳು ಬಂತೆಂದರೆ ದುರ್ಗಮ್ಮನ ಬಾಗಿಲಿಗೆ ಬಟ್ಟಲು ಹಿಡಿದು ಬರುವ ಹೆಂಗಸರು ಜಾಸ್ತಿಯಾಗುತ್ತಿದ್ದರು. ಸೆರಗಿನ ಮರೆಯಲ್ಲಿ ಬಟ್ಟಲು, ಮುಖದಲ್ಲಿ ಏನೂ ಅರಿಯದ ನಗು. ನೋಡಿದವರು ಹಾಲಿಗೆ ಹೆಪ್ಪು ಕೇಳಲು ಬಂದಿದ್ದಾರೆ ಅಂದುಕೊಳ್ಳಬೇಕು, ಹಾಗಿತ್ತು ಅವರ ನಟನೆ. ಬಾಯಲ್ಲಿ ಕೇಳುತ್ತಿದ್ದದ್ದೂ ಹೆಪ್ಪನ್ನೇ. ದುರ್ಗಮ್ಮ ಒಳಗೆ ಹೋಗಿ ದೇವರ ಗೂಡಿನ ಪಕ್ಕದ ಡಬ್ಬಿ ತೆರೆದು ಎರಡು ಬಿಳಿ ಮಾತ್ರೆ ತಂದು ಬಟ್ಟಲಿಗೆ ಹಾಕುತ್ತಿದ್ದಳು. ಅದು ಅವಳ ಬಿಪಿ ಮಾತ್ರೆ.

ಆ ಸಾಲಿನ ಗಂಡಸರೆಲ್ಲ ಕೆಲಸ ಮಾಡುತ್ತಿದ್ದದ್ದು ಊರಾಚೆಯ ಒಂದು ಖಾಸಗಿ ಫೌಂಡ್ರಿಯಲ್ಲಿ. ಕುಲುಮೆಯಲ್ಲಿ ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸ. ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ, ಕಂಪನಿಯ ಡಾಕ್ಟರು ಬಂದು ಎಲ್ಲರ ಬಿಪಿ ನೋಡುತ್ತಿದ್ದರು. ಗೆರೆಯ ಒಳಗಿದ್ದವನು ಪಾಸು, ಹೊರಗಿದ್ದವನು ಫೇಲು. ಫೇಲಾದವನನ್ನು ಕುಲುಮೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಈಶ್ವರಪ್ಪ ಎಂಬ ಹಳೇ ಕೆಲಸಗಾರ ಫೇಲಾಗಿ ಆಫೀಸಿನ ಮುಂದಿನ ಕ್ರೋಟನ್ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಬಿದ್ದಿದ್ದ. ಬೆಂಕಿಯ ಮುಂದೆ ಎದೆ ಕೊಟ್ಟು ನಿಲ್ಲುತ್ತಿದ್ದ ಆಳು ಕೈಯಲ್ಲಿ ಕ್ಯಾನು ಹಿಡಿದು ಹೋಗುವಾಗ ಹುಡುಗರು ಹಿಂದಿನಿಂದ ಹೂವಿನ ಈಶ್ವರಪ್ಪ ಎಂದು ಕೂಗುತ್ತಿದ್ದರು. ಅದನ್ನು ಕಂಡ ಮೇಲೆ ಉಳಿದವರು ಫೇಲಾಗುವ ಯೋಚನೆಯನ್ನೇ ಬಿಟ್ಟರು.

ಹಿಂದಿನ ರಾತ್ರಿ ಒಂದು, ಬೆಳಿಗ್ಗೆ ಒಂದು ನುಂಗಿದರೆ ಬಿಪಿ ಆ ಹೊತ್ತಿಗೆ ತಲೆ ತಗ್ಗಿಸಿ ಕೂರುತ್ತದೆ ಎಂದು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಸಾಲಿಗೆಲ್ಲ ಅದೇ ಪದ್ಧತಿಯಾಯಿತು. ಪರೀಕ್ಷೆ ಮುಗಿಯಿತು, ಮಾತ್ರೆಯೂ ಮುಗಿಯಿತು, ಇನ್ನು ಬರುವ ಮಾರ್ಚಿಗೆ. ಅಂಗಡಿಯಲ್ಲಿ ಕೊಂಡರೆ ಆಗದೇ ಎಂದು ಕೇಳಬಹುದು. ಆ ಬೀದಿಯ ಮೆಡಿಕಲ್ ಶಾಪಿನವನ ಭಾವಮೈದುನ ಫೌಂಡ್ರಿಯ ಆಫೀಸಿನಲ್ಲಿದ್ದ. ಬೆಳಿಗ್ಗೆ ಕೊಂಡ ಮಾತ್ರೆಯ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಮ್ಯಾನೇಜರ ಕಿವಿಯಲ್ಲಿರುತ್ತಿತ್ತು. ಆದ್ದರಿಂದ ದುರ್ಗಮ್ಮನ ಡಬ್ಬಿಯೇ ಎಲ್ಲರಿಗೂ ಗತಿ.

ದುರ್ಗಮ್ಮನಿಗೆ ಇದರಲ್ಲಿ ಒಂದು ಹೆಮ್ಮೆಯೂ ಇತ್ತು ಅಂತ ಹೇಳಲೇಬೇಕು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು; ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸುವ ಬುದ್ಧಿ ಮಾತ್ರ ಇರಲಿಲ್ಲ. ಮಾರ್ಚಿನಲ್ಲಿ ತನಗೇ ಮಾತ್ರೆ ಸಾಲದೆ ಕೆಲವು ದಿನ ತಾನು ನುಂಗುವುದನ್ನೇ ಬಿಡುತ್ತಿದ್ದಳು. ತನ್ನಿಂದ ಸಾಲಿನ ಮರ್ಯಾದೆ ಉಳಿಯುತ್ತಿದೆ ಎಂದುಕೊಂಡಿದ್ದಳು. ಮೊದಲ ಎರಡು ಮಾತ್ರೆ ಯಾವಾಗಲೂ ಗಂಡ ಪುಟ್ಟಯ್ಯನಿಗೇ.

ಪುಟ್ಟಯ್ಯ ಫೌಂಡ್ರಿಯ ಕ್ರೇನ್ ಆಪರೇಟರ್. ಛಾವಣಿಯ ಕೆಳಗೆ, ಒಂದು ಗಾಜಿನ ಗೂಡಿನಲ್ಲಿ ಕೂತು, ಕರಗಿದ ಕಬ್ಬಿಣ ತುಂಬಿದ ದೊಡ್ಡ ಬಕೆಟ್ಟನ್ನು ಕುಲುಮೆಯಿಂದ ಅಚ್ಚಿನವರೆಗೆ ತೇಲಿಸಿಕೊಂಡು ಹೋಗುವವನು. ಅವನ ಕೈಯಲ್ಲಿ ಆ ಬಕೆಟ್ಟು ತುಂಬಿದ ಬಿಂದಿಗೆ ಹೊತ್ತ ಹೆಂಗಸಿನ ಹಾಗೆ ಒಂದು ಹನಿ ತುಳುಕದೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನೆಲದ ಮೇಲೆ ಅವನು ಸಾಧಾರಣ ಮನುಷ್ಯ, ಅಕ್ಕಿ ತರಲು ಹೇಳಿದರೆ ಮರೆತು ಬರುವವನು. ಮೇಲೆ ಹತ್ತಿದರೆ ರಾಜ. ಆ ಗೂಡು ಹೋದರೆ ತಾನು ಏನೂ ಅಲ್ಲ ಎಂದು ಅವನು ನಂಬಿದ್ದ, ಮತ್ತು ಆ ನಂಬಿಕೆ ದುರ್ಗಮ್ಮನಿಗೂ ಅಂಟಿತ್ತು.

ದುರ್ಗಮ್ಮ ತಿಂಗಳಿಗೊಮ್ಮೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ಆಲ್ಕೊಳದ ಕಡೆ ಒಂದು ಆಸ್ಪತ್ರೆಯಲ್ಲಿ ಬಿಪಿ ತೋರಿಸಿಕೊಂಡು ಮಾತ್ರೆ ತರುತ್ತಿದ್ದಳು. ಎರಡು ಸಾವಿರದ ನಾಲ್ಕನೇ ಇಸವಿಯ ಜನವರಿಯಲ್ಲಿ ಅಲ್ಲಿನ ಡಾಕ್ಟರು ಸಮತಾ ಒಂದು ಅಧ್ಯಯನ ಶುರುಮಾಡಿದ್ದರು. ಚಿಕ್ಕ ವಯಸ್ಸು, ಮಾತು ನಿಧಾನ, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಪಿತ್ತಜನಕಾಂಗವು ಸಿಆರ್‌ಪಿ ಎಂಬ ಪದಾರ್ಥವನ್ನು ರಕ್ತಕ್ಕೆ ಬಿಡುತ್ತದೆ ಎಂದು ಅವರು ವಿವರಿಸಿದರು. ನೆಗಡಿಗೂ ಅದು ಏರುತ್ತದೆ, ಹಲ್ಲು ಕೀವಾದರೂ ಏರುತ್ತದೆ, ವಾಸಿಯಾದ ಮೇಲೆ ಇಳಿಯುತ್ತದೆ. ಆದರೆ ಬಿಪಿ ಇರುವ ಕೆಲವರಲ್ಲಿ ಜ್ವರವಿಲ್ಲ, ಗಾಯವಿಲ್ಲ, ಆದರೂ ಅದು ಸ್ವಲ್ಪ ಏರಿಯೇ ಇರುತ್ತದೆ. ರಕ್ತನಾಳದ ಒಳಗೋಡೆ ಸದ್ದಿಲ್ಲದೆ ಬೇಯುತ್ತಿರುವ ಗುರುತು ಅದಿರಬಹುದು. ಅಂಥವರ ಹೃದಯ, ಮೂತ್ರಪಿಂಡ, ಕಣ್ಣು ಉಳಿದವರಿಗಿಂತ ಹೆಚ್ಚು ಕೆಟ್ಟಿರುತ್ತವೆಯೇ ಎಂಬುದು ಡಾಕ್ಟರ ಪ್ರಶ್ನೆಯಾಗಿತ್ತು. ಬೂದಿ ಮುಚ್ಚಿದ ಕೆಂಡ ಅನ್ನಿ ಎಂದು ದುರ್ಗಮ್ಮ ತನ್ನ ಲೆಕ್ಕಕ್ಕೆ ತಿಳಿದುಕೊಂಡಳು.

ರೋಗಿಗಳ ಜೊತೆ ಹೋಲಿಸಿ ನೋಡಲು ಅದೇ ವಯಸ್ಸಿನ, ಬಿಪಿ ಇಲ್ಲದ ಕೆಲವರೂ ಬೇಕಿತ್ತು. ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೇ ತಡ, ದುರ್ಗಮ್ಮ ಗಂಡನ ಹೆಸರು ಹೇಳಿದಳು. ಕಂಪನಿ ಡಾಕ್ಟರೇ ವರ್ಷಾವರ್ಷ ಪಾಸು ಮಾಡುತ್ತಾರೆ, ಕಲ್ಲುಗುಂಡಿನ ಹಾಗಿದ್ದಾರೆ ಎಂದಳು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಒಂದಿಷ್ಟೂ ಅನ್ನಿಸಲಿಲ್ಲ. ವರ್ಷಕ್ಕೆ ಒಂದು ದಿನದ ಮಾತ್ರೆ ಕಾಯಿಲೆಯ ಮಾತ್ರೆಯೇ? ಅದು ಪರೀಕ್ಷೆಯ ಮಾತ್ರೆ. ಅಷ್ಟು ಸಹಜವಾಗಿ ಆ ಪದ್ಧತಿ ಒಳಗೆ ಇಳಿದುಬಿಟ್ಟಿತ್ತು.

ಪುಟ್ಟಯ್ಯನೂ ಎದೆಯುಬ್ಬಿಸಿ ಹೊರಟ. ಆರೋಗ್ಯವಂತ ಎಂದು ಕರೆಸಿಕೊಂಡು ಆಸ್ಪತ್ರೆಗೆ ಹೋಗುವ ಯೋಗ ಎಷ್ಟು ಜನಕ್ಕಿದೆ? ಹಿಂದಿನ ರಾತ್ರಿ ಕೈ ಚಾಚಿದ, ದುರ್ಗಮ್ಮ ಮಾತ್ರೆ ಕೊಟ್ಟಳು. ಬೆಳಿಗ್ಗೆ ಮತ್ತೆ ಚಾಚಿದ, ಮತ್ತೆ ಕೊಟ್ಟಳು. ಹೊರಡುವಾಗ ಕರ್ಚೀಫು ಕೊಡುವಷ್ಟೇ ಸಲೀಸಾಗಿ ಕೊಟ್ಟಳು. ಅಲ್ಲಿ ಬಿಪಿ ನೋಡಿದರು, ಗೆರೆಯ ಒಳಗೇ ಇತ್ತು. ರಕ್ತ, ಮೂತ್ರ, ಹೃದಯದ ಸ್ಕ್ಯಾನು, ಕಣ್ಣಿಗೆ ದೀಪ ಬಿಟ್ಟು ನೋಡುವುದು, ಎಲ್ಲವೂ ಆಯಿತು. ಕೆಲವು ದಿನದ ಮೇಲೆ ರಕ್ತ ಇನ್ನೊಮ್ಮೆ ಬೇಕು ಎಂದರು. ಎರಡನೇ ಸಲವೂ ಮಾತ್ರೆ ನುಂಗಿಯೇ ಹೋದ.

ಫೆಬ್ರವರಿಯ ಕೊನೆಯಲ್ಲಿ ಡಾಕ್ಟರು ಗಂಡಹೆಂಡಿರಿಬ್ಬರನ್ನೂ ಕರೆಸಿದರು. ಬರೀ ಮಾತಾಡಲು ಕರೆದಿದ್ದಾರೆ ಎಂದು ಪುಟ್ಟಯ್ಯ ಆ ದಿನ ಮಾತ್ರೆ ಕೇಳಲಿಲ್ಲ. ದುರ್ಗಮ್ಮನದು ಮೊದಲು ಹೇಳಿದರು. ಅವಳ ರಕ್ತದಲ್ಲಿ ಉರಿಯೂತದ ಅಂಶ ಕಡಿಮೆ, ಹೃದಯ ಚೆನ್ನಾಗಿದೆ, ಮೂತ್ರಪಿಂಡವೂ ಸರಿಯಿದೆ, ಹೀಗೇ ದಿನಾ ಮಾತ್ರೆ ತೆಗೆದುಕೊಂಡು ಹೋಗಬೇಕು. ಆಮೇಲೆ ಪುಟ್ಟಯ್ಯನ ಕಡೆ ತಿರುಗಿ ನೆಗಡಿ ಇತ್ತೇ, ಹಲ್ಲುನೋವಿತ್ತೇ, ಎಲ್ಲಾದರೂ ಗಾಯವಾಗಿತ್ತೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ಏನೂ ಇರಲಿಲ್ಲ. ಸಿಆರ್‌ಪಿ ಎರಡು ಸಲವೂ ಏರಿಯೇ ಇದೆ ಎಂದರು.

"ಆ ಒಂದು ರಕ್ತಪರೀಕ್ಷೆ ನೋಡಿ ನಾನು ಯಾರಿಗೂ ಏನೂ ಹೇಳಲ್ಲ. ಆದ್ರೆ ನಿಮ್ಮ ಹೃದಯದ ಗೋಡೆ ದಪ್ಪ ಆಗಿದೆ. ಮೂತ್ರದಲ್ಲಿ ಪ್ರೋಟೀನ್ ಸೋರ್ತಾ ಇದೆ. ಕಣ್ಣಿನ ರಕ್ತನಾಳನೂ ಕಿರಿದಾಗಿದೆ. ಇದು ಬಹಳ ವರ್ಷದಿಂದ ಬಿಪಿ ಇರೋರ ದೇಹ. ಬಿಪಿ ಒಂದು ಮಾತ್ರ ಕಾಣ್ತಿಲ್ಲ" ಎಂದರು ಡಾಕ್ಟರು ಸಮತಾ.

ಪುಟ್ಟಯ್ಯ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ. ಡಾಕ್ಟರು ಸುಮ್ಮನೆ ಬಿಡಲಿಲ್ಲ. ಎರಡು ಸಲವೂ ನಾಡಿ ವಿಪರೀತ ನಿಧಾನವಾಗಿತ್ತು, ಕೆಲವು ಬಿಪಿ ಮಾತ್ರೆ ನುಂಗಿದರೆ ಹಾಗಾಗುತ್ತದೆ, ಆ ದಿನಗಳಲ್ಲಿ ಏನಾದರೂ ಮಾತ್ರೆ ತೆಗೆದುಕೊಂಡಿದ್ದರೇ ಎಂದು ಕೇಳಿದರು. ಇಲ್ಲ ಮೇಡಂ, ನನಗ್ಯಾಕೆ ಮಾತ್ರೆ ಎಂದ ಅವನು. ಹಾಗಾದರೆ ಬೇರೆ ಕಾಯಿಲೆ ಏನಿದೆ ಎಂದು ಹುಡುಕಬೇಕಾಗುತ್ತದೆ, ಮಣಿಪಾಲಕ್ಕೆ ಬರೆದುಕೊಡುತ್ತೇನೆ ಎಂದು ಹೇಳಿ ಡಾಕ್ಟರು ದುರ್ಗಮ್ಮನ ಮುಖ ನೋಡಿದರು.

ಮೇಜಿನ ಕೆಳಗೆ ಗಂಡನ ಕಾಲು ಅವಳ ಕಾಲನ್ನು ಒತ್ತಿತು. ಬಾಯಿ ಬಿಟ್ಟರೆ ಗಾಜಿನ ಗೂಡು ಹೋಯಿತು, ಗಂಡ ಕ್ರೋಟನ್ ಗಿಡದ ಪಾಲು. ಬಿಡದಿದ್ದರೆ ಡಾಕ್ಟರು ಇಲ್ಲದ ಕಾಯಿಲೆ ಹುಡುಕುತ್ತ ಹೋಗುತ್ತಾರೆ, ಇರುವ ಕಾಯಿಲೆ ಅವನನ್ನು ಒಳಗಿಂದಲೇ ತಿಂದು ಮುಗಿಸುತ್ತದೆ. ಕುಲುಮೆಯಂಥ ಈ ದೇಹಕ್ಕೆ ವರ್ಷಕ್ಕೊಂದು ದಿನ ಬೂದಿ ಮುಚ್ಚಿ ಕೊಡುತ್ತಿದ್ದವಳು ತಾನೇ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಕೊಟ್ಟಿದ್ದು ನಾನು ಮೇಡಂ. ಎರಡು ಸಲನೂ. ಇವರಿಗೊಬ್ಬರಿಗೇ ಅಲ್ಲ, ನಮ್ಮ ಸಾಲಿಗೆಲ್ಲ ವರ್ಷಾವರ್ಷ ಕೊಡ್ತೀನಿ" ಎಂದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎದ್ದು ಬಂದು ಪುಟ್ಟಯ್ಯನ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು. ನೂರ ಎಂಬತ್ತು ದಾಟಿತ್ತು. ದಿನಾ ಮಾತ್ರೆ ಬೇಕು, ಉಪ್ಪು ಇಳಿಸಬೇಕು, ಬಿಪಿ ಹಿಡಿತಕ್ಕೆ ಬರುವವರೆಗೆ ಎತ್ತರದ ಕೆಲಸ ಕೂಡದು, ಹೃದಯ ಎಷ್ಟು ಸುಧಾರಿಸುತ್ತದೋ ಕಾದು ನೋಡಬೇಕು ಎಂದರು. ಪುಟ್ಟಯ್ಯ ಮಾತ್ರೆಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಎದ್ದ. ಅದನ್ನು ಕೇಳಿ ತೆಗೆದು ದುರ್ಗಮ್ಮ ಅಲ್ಲೇ ಅಂಗಡಿಯಲ್ಲಿ ಮಾತ್ರೆ ಕೊಂಡಳು. ಊರಿನ ದಾರಿಯಲ್ಲಿ, ಮಲವಗೊಪ್ಪದಲ್ಲಿ ಬಸ್ಸು ನಿಂತಾಗ ಪುಟ್ಟಯ್ಯ ಹೆಂಡತಿಯನ್ನು ಬಿಟ್ಟು ಇಳಿದೇಬಿಟ್ಟ. ಅವನು ಇನ್ನೊಂದು ಬಸ್ಸು ಹಿಡಿದು ಮನೆ ಸೇರಿದಾಗ ದೀಪ ಹಚ್ಚುವ ಹೊತ್ತಾಗಿತ್ತು.

ಆ ಚಿಕ್ಕ ಹುಡುಗಿಯ ಎದುರಿಗೆ ನನ್ನನ್ನು ಕ್ರೇನಿಂದ ಇಳಿಸಿಬಿಟ್ಟೆಯಲ್ಲ ಎಂದು ಅವನು ಕೂಗಾಡಿದ. ತನಗೆ ತಲೆ ನೋಯುವುದಿಲ್ಲ, ಕಾಲು ಊದಿಲ್ಲ, ಊಟ ಸೇರುತ್ತದೆ. ಯಾವ ಕಾಯಿಲೆ ಇದು? ದಿನಾ ಮಾತ್ರೆ ನುಂಗಿದರೆ ರೋಗಿ ಅಂತ ಒಪ್ಪಿಕೊಂಡ ಹಾಗೆ. ಶಿವಮೊಗ್ಗದಿಂದಲೇ ಕೊಂಡು ತಂದಿದ್ದ ಮಾತ್ರೆಯ ಪಟ್ಟಿಯಿಂದ ಎರಡನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿ, ಉಳಿದದ್ದನ್ನು ಅಟ್ಟಕ್ಕೆ ಎಸೆದ. ಆ ಎರಡು ಬರುವ ವಾರದ ಕಂಪನಿಯ ಪರೀಕ್ಷೆಗೆ. ದುರ್ಗಮ್ಮನಿಗೆ ಅವನ ಮೇಲೆ ಪ್ರೀತಿಯಿತ್ತು, ಅದಕ್ಕೇ ಅಷ್ಟೊಂದು ಸಿಟ್ಟು ಬಂತು. ಅಟ್ಟ ಹತ್ತಿ ಪಟ್ಟಿಯನ್ನು ಹುಡುಕಿ ತಂದು ತನ್ನ ಡಬ್ಬಿಯ ಪಕ್ಕ ಇಟ್ಟಳು. ಸಾರಿಗೆ ಉಪ್ಪು ಅರ್ಧ ಮಾಡಿದಳು. ಅವನು ತಟ್ಟೆ ತಳ್ಳಿ ಎದ್ದರೆ ತಟ್ಟೆ ಅಲ್ಲೇ ಇರಲಿ ಎಂದು ಬಿಟ್ಟಳು.

ಪರೀಕ್ಷೆಗೆ ಎರಡು ದಿನ ಇರುವಾಗ ಪಕ್ಕದ ಮನೆಯ ಸರಸ್ವತಿ ಬಂದಳು. ಬಟ್ಟಲೂ ತಂದಿದ್ದಳು, ಜೊತೆಗೆ ತೇಪೆ ಹಾಕಿಸಲು ಗಂಡನ ಖಾಕಿ ಅಂಗಿಯನ್ನೂ ತಂದಿದ್ದಳು. ಅವಳ ಗಂಡ ಹುಲಿಯಪ್ಪ ಕೆಲಸ ಮಾಡುತ್ತಿದ್ದದ್ದು ಪುಟ್ಟಯ್ಯನ ಕೆಳಗೇ. ಮೇಲಿಂದ ಬಂದ ಬಕೆಟ್ಟನ್ನು ಉದ್ದ ಹಿಡಿಯಿಂದ ಓರೆ ಮಾಡಿ ಅಚ್ಚಿಗೆ ಹೊಯ್ಯುವವನು ಅವನು. ಅಂಗಿಯ ಬಲತೋಳಿನಲ್ಲಿ ಅಂಗೈಯಗಲದ ತೂತು, ಸುತ್ತ ಕಪ್ಪಗೆ ಸುಟ್ಟ ಅಂಚು.

ದುರ್ಗಮ್ಮ ಇದೇನೆಂದು ಕೇಳಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಕೆಟ್ಟು ಇದ್ದಕ್ಕಿದ್ದ ಹಾಗೆ ಜೋಲಿ ಹೊಡೆದು ಕಿಡಿ ಹಾರಿತಂತೆ ಎಂದಳು ಸರಸ್ವತಿ. ಕ್ರೇನಿನ ಬ್ರೇಕು ಹಳೆಯದು ಎಂದು ಗಂಡ ಹೇಳಿದ್ದನಂತೆ. ತೋಳು ಸುಟ್ಟಿದ್ದು ವಾಸಿಯಾಗಿದೆ, ದೇವರು ದೊಡ್ಡವನು, ಮುಖಕ್ಕೆ ಹಾರಿದ್ದರೆ ಏನು ಗತಿ ಎಂದು ಹೇಳಿ, ಹೆಪ್ಪು ಕೊಡು ದುರ್ಗಕ್ಕ, ಹೊತ್ತಾಯಿತು ಎಂದಳು.

ದುರ್ಗಮ್ಮನ ಕೈ ಅಂಗಿಯ ಮೇಲೇ ನಿಂತಿತು. ಸಂಕ್ರಾಂತಿಯ ನಂತರದ ಆ ದಿನ ಅವಳಿಗೆ ನೆನಪಿತ್ತು. ಪುಟ್ಟಯ್ಯ ಮನೆಗೆ ಬಂದವನೇ ಊಟವನ್ನೂ ಮಾಡದೆ ಗೋಡೆ ಕಡೆ ತಿರುಗಿ ಮಲಗಿದ್ದ. ಏನಾಯಿತು ಎಂದು ಬಹಳ ಕೇಳಿದ ಮೇಲೆ, ಮೇಲೆ ಕೂತಾಗ ಒಂದು ಗಳಿಗೆ ಕಣ್ಣು ಕಪ್ಪಿಟ್ಟಿತು, ಸೆಕೆಗೆ ಇರಬೇಕು ಎಂದಿದ್ದ. ಅವಳು ನಿಂಬೆಹಣ್ಣಿನ ಪಾನಕಕ್ಕೆ ಚೆನ್ನಾಗಿ ಉಪ್ಪು ಹಾಕಿ ಕೊಟ್ಟಿದ್ದಳು. ಬ್ರೇಕು ಹಳೆಯದಲ್ಲ. ಹಳೆಯದಾಗಿದ್ದದ್ದು ತನ್ನ ಗಂಡನ ರಕ್ತನಾಳ.

"ಹೆಪ್ಪು ಇಲ್ಲ ಸರಸ್ವತಿ. ಇವತ್ತಿಂದ ಯಾರಿಗೂ ಇಲ್ಲ. ನಿನ್ ಗಂಡ ನನ್ ಗಂಡನ ಬಕೆಟ್ಟಿನ ಕೆಳಗೆ ನಿಲ್ತಾನೆ ಮಾರಾಯ್ತಿ. ಅಲ್ಲಾಡಿದ್ದು ಬ್ರೇಕಲ್ಲ, ನನ್ ಗಂಡನ ತಲೆ" ಎಂದಳು.

ಸರಸ್ವತಿ ಮೊದಲು ನಂಬಲಿಲ್ಲ, ಆಮೇಲೆ ಅತ್ತಳು, ಆಮೇಲೆ ಬೈದಳು. ಬೈದದ್ದು ಪುಟ್ಟಯ್ಯನನ್ನಲ್ಲ, ದುರ್ಗಮ್ಮನನ್ನು. ಈಗ ಮಾತ್ರೆ ಕೊಡದಿದ್ದರೆ ತನ್ನ ಗಂಡನೂ ಫೇಲು, ಅದೇನು ಒಳ್ಳೆಯದೇ ಎಂದು ಕೇಳಿದಳು. ಮರುದಿನ ಬೀದಿ ನಲ್ಲಿಯ ಹತ್ತಿರ ಸಾಲಿನ ಹೆಂಗಸರೆಲ್ಲ ಸೇರಿ ದುರ್ಗಮ್ಮನನ್ನು ತರಾಟೆಗೆ ತೆಗೆದುಕೊಂಡರು. ಇಷ್ಟು ವರ್ಷ ಕೊಟ್ಟು ಈಗ ಕೈ ಎತ್ತುವುದೇ? ದೊಡ್ಡ ಆಸ್ಪತ್ರೆಯ ಗಾಳಿ ಬಡಿದಿದೆ ಇವಳಿಗೆ ಎಂದರು. ಮೂಲೆಮನೆಯ ದಾಕ್ಷಾಯಣಮ್ಮ ಅವಳ ಬಿಂದಿಗೆಯನ್ನು ಸಾಲಿನಿಂದ ಹಿಂದಕ್ಕೆ ಸರಿಸಿದಳು. ದುರ್ಗಮ್ಮ ಬಿಂದಿಗೆಯನ್ನು ಎತ್ತಿ ಮತ್ತೆ ಅದರ ಜಾಗದಲ್ಲೇ ಇಟ್ಟಳು.

ಕೊಡುತ್ತಿದ್ದದ್ದು ನಾನು, ನಿಲ್ಲಿಸುವುದೂ ನಾನೇ ಎಂದು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಪಟ್ಟಿ ಸುತ್ತಿ ನೋಡುವ ಆ ಒಂದು ಗಳಿಗೆಯನ್ನು ಮೋಸ ಮಾಡಬಹುದು, ಹೃದಯದ ಗೋಡೆಯನ್ನು ಮೋಸ ಮಾಡಲು ಬರುವುದಿಲ್ಲ ಎಂದಳು. ಬೇಕಾದವರು ನನ್ನ ಜೊತೆ ಶಿವಮೊಗ್ಗಕ್ಕೆ ಗಂಡಂದಿರನ್ನು ಕರೆದುಕೊಂಡು ಬನ್ನಿ, ಬಸ್ಸಿನಲ್ಲಿ ಜಾಗ ಹಿಡಿಯುವುದು ನನ್ನ ಜವಾಬ್ದಾರಿ ಎಂದಳು. ಹೆಂಗಸರು ತಮ್ಮ ತಮ್ಮ ಬಿಂದಿಗೆ ಎತ್ತಿಕೊಂಡು ಚದುರಿದರು. ದುರ್ಗಮ್ಮ ನೀರು ತುಂಬಿಕೊಂಡು ತಲೆ ಎತ್ತಿಯೇ ಮನೆಗೆ ಬಂದಳು. ಒಳಗೆ ಬಂದ ಮೇಲೆ ಒಬ್ಬಳೇ ಕೂತು ಅತ್ತಳು, ಅದು ಬೇರೆ ಮಾತು.

ಪರೀಕ್ಷೆಯ ದಿನ ಬಂತು. ಹೆಂಡತಿ ಕಣ್ಣು ಮುಚ್ಚದೆ ಕಾಯುತ್ತಿದ್ದ ಕಾರಣ ರಾತ್ರಿಯ ಮಾತ್ರೆಯನ್ನು ನುಂಗಲು ಪುಟ್ಟಯ್ಯನಿಗೆ ಆಗಿರಲಿಲ್ಲ. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ಅಂಗೈಯಲ್ಲಿ ಹಾಕಿಕೊಂಡು ನೀರಿನ ಲೋಟ ಹಿಡಿದು ನಡುಮನೆಯಲ್ಲೇ ನಿಂತ, ಏನು ಮಾಡುತ್ತೀಯೋ ಮಾಡು ಎನ್ನುವ ಹಾಗೆ. ದುರ್ಗಮ್ಮ ಮಾತ್ರೆ ಕಿತ್ತುಕೊಳ್ಳಲು ಹೋಗಲಿಲ್ಲ. ಹೊಲಿಗೆ ಯಂತ್ರದ ಮೇಲಿದ್ದ ಹುಲಿಯಪ್ಪನ ಅಂಗಿಯನ್ನು ತಂದು ಅವನ ತೋಳಿನ ಮೇಲೆ ಹಾಕಿದಳು. ತೇಪೆ ಹಾಕಿರಲಿಲ್ಲ.

"ಈ ತೂತು ಮುಚ್ಚೋದು ನನ್ನ ಕೈಲಿ ಆಗಲ್ಲ. ನಿಮ್ಮ ಕೈಲಿ ಆಗುತ್ತಾ ನೋಡಿ" ಎಂದಳು.

ಪುಟ್ಟಯ್ಯ ಅಂಗಿಯನ್ನು ನೋಡಿದ. ಸುಟ್ಟ ಅಂಚನ್ನು ಬೆರಳಿನಿಂದ ಮುಟ್ಟಿದ. ಅಷ್ಟರಲ್ಲಿ ಹೊರಗೆ ಸೈಕಲ್ ಬೆಲ್ಲು ಕೇಳಿತು. ದಿನಾ ಜೊತೆಯಲ್ಲಿ ಹೋಗಲು ಕರೆಯುವ ಹುಲಿಯಪ್ಪ ಬಾಗಿಲಲ್ಲಿ ಬಂದು ನಿಂತಿದ್ದ. ತನ್ನ ಅಂಗಿ ಪುಟ್ಟಯ್ಯನ ಕೈಯಲ್ಲಿರುವುದನ್ನು ನೋಡಿ ಅವನ ಮುಖ ಪೆಚ್ಚಾಯಿತು. ಇದು ಆವತ್ತಿನದೇನೋ ಎಂದು ಪುಟ್ಟಯ್ಯ ಕೇಳಿದ. ಹೌದು ಎಂದ ಹುಲಿಯಪ್ಪ. ಬ್ರೇಕಲ್ಲ ಅಂತ ನಿನಗೆ ಗೊತ್ತಿತ್ತೇನೋ ಎಂದು ಪುಟ್ಟಯ್ಯ ಮತ್ತೆ ಕೇಳಿದ. ಗೊತ್ತಿತ್ತು ಎಂದು ಹುಲಿಯಪ್ಪ ತಲೆಯಾಡಿಸಿದ.

"ಮತ್ತೆ ಮಾರನೇ ದಿನಾನೂ ಬಂದು ಕೆಳಗೆ ನಿಂತ್ಯಲ್ಲೋ ಮಾರಾಯ. ಯಾಕೆ?"

"ಮೇಲೆ ನೀನಿದ್ಯಲ್ಲ ಪುಟ್ಟಣ್ಣ" ಎಂದ ಹುಲಿಯಪ್ಪ.

ಪುಟ್ಟಯ್ಯ ನೀರಿನ ಲೋಟವನ್ನು ಹೊಲಿಗೆ ಯಂತ್ರದ ಮೇಲೆ ಇಟ್ಟ. ಆಮೇಲೆ ಅಂಗೈಯಲ್ಲಿದ್ದ ಎರಡು ಮಾತ್ರೆಗಳನ್ನು ತಂದು ದುರ್ಗಮ್ಮನ ಕೈಗೆ ಹಾಕಿದ. ತನ್ನ ಇಸ್ತ್ರಿ ಅಂಗಿಯನ್ನು ಬಿಚ್ಚಿ ಹುಲಿಯಪ್ಪನ ಸುಟ್ಟ ಅಂಗಿಯನ್ನು ತೊಟ್ಟ. ಅದು ಬಿಗಿಯಾಗಿ, ಗುಂಡಿ ಸರಿಯಾಗಿ ಕೂರಲಿಲ್ಲ. ತೂತಿನಲ್ಲಿ ಅವನ ತೋಳು ಕಾಣುತ್ತಿತ್ತು, ಸರಿಯಾಗಿ ಬಿಪಿ ಪಟ್ಟಿ ಸುತ್ತುವ ಜಾಗದಲ್ಲಿ. ಹಾಗೇ ಸೈಕಲ್ ಹತ್ತಿ ಹೋದ.

ಅಲ್ಲಿ ನಡೆದದ್ದನ್ನು ಸಂಜೆ ಸರಸ್ವತಿ ಬಂದು ಹೇಳಿದಳು, ಬಟ್ಟಲಿಲ್ಲದೆ ಬಂದಿದ್ದಳು. ಪರೀಕ್ಷೆಯ ಸಾಲಿನಲ್ಲಿ ಪುಟ್ಟಯ್ಯ ಮೊದಲು ನಿಂತನಂತೆ. ನಾನು ಇವತ್ತು ಮಾತ್ರೆ ನುಂಗಿಲ್ಲ, ಹಿಂದಿನ ವರ್ಷಗಳಲ್ಲೆಲ್ಲ ನುಂಗಿಯೇ ಪಾಸಾಗಿದ್ದು ಎಂದು ಕಂಪನಿ ಡಾಕ್ಟರಿಗೆ ಎಲ್ಲರ ಮುಂದೆ ಹೇಳಿದನಂತೆ. ಡಾಕ್ಟರು ಪಟ್ಟಿ ಸುತ್ತಿ ನೋಡಿ ಬೆಚ್ಚಿಬಿದ್ದರಂತೆ. ಅವನ ಹಿಂದೆ ನಿಂತಿದ್ದ ಹುಲಿಯಪ್ಪನೂ ಅದನ್ನೇ ಹೇಳಿದ, ಅವನ ಹಿಂದಿನವನೂ ಹೇಳಿದ. ಎಲ್ಲರೂ ಹೇಳಲಿಲ್ಲ. ದಾಕ್ಷಾಯಣಮ್ಮನ ಗಂಡ ಎಲ್ಲಿಂದಲೋ ಮಾತ್ರೆ ಹೊಂದಿಸಿ ನುಂಗಿ ಬಂದು ಪಾಸಾಗಿ, ಯಾರ ಮುಖವನ್ನೂ ನೋಡದೆ ಹೋದ. ಆದರೂ ಕುಲುಮೆಯ ವಿಭಾಗದಲ್ಲಿ ಅರ್ಧಕ್ಕೂ ಹೆಚ್ಚು ಜನ ಫೇಲು.

ಮ್ಯಾನೇಜರು ಓಡಿ ಬಂದು ಇದೇನು ಸಂಚು ಎಂದು ಕೂಗಾಡಿದರಂತೆ. ಸಂಚು ಮುಗಿದಿದ್ದು ಇವತ್ತು ಸಾರ್ ಎಂದನಂತೆ ಪುಟ್ಟಯ್ಯ. ಎಲ್ಲರನ್ನೂ ಗಿಡಕ್ಕೆ ನೀರು ಹಾಕಲು ಕಳಿಸುತ್ತೇನೆ ಎಂದು ಅವರು ಹೆದರಿಸಿದಾಗ, ಅಲ್ಲೇ ಕ್ಯಾನು ಹಿಡಿದು ನಿಂತಿದ್ದ ಈಶ್ವರಪ್ಪ ಬಾಯಿ ತೆರೆದನಂತೆ.

"ಇಷ್ಟು ಜನಕ್ಕೆ ಕ್ರೋಟನ್ ಸಾಲಲ್ಲ ಸಾರ್" ಎಂದನಂತೆ ಅವನು. ಆಮೇಲೆ ನಕ್ಕ ನಗು ಇಡೀ ಅಂಗಳಕ್ಕೆ ಕೇಳಿತಂತೆ, ಮ್ಯಾನೇಜರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರಂತೆ.

ಅರ್ಧ ಜನ ಇಲ್ಲದೆ ಕುಲುಮೆ ಉರಿಯುವುದಿಲ್ಲ. ಕಂಪನಿಯವರು ಹದಿನೈದು ದಿನ ಹಲ್ಲು ಕಡಿದು ಕೊನೆಗೆ ದಾರಿಗೆ ಬಂದರು. ಫೇಲಾದವರಿಗೆ ಫೌಂಡ್ರಿಯಲ್ಲೇ ಮಾತ್ರೆ ಕೊಡುವುದು, ವಾರಕ್ಕೊಮ್ಮೆ ಬಿಪಿ ನೋಡುವುದು, ಇಳಿದವರನ್ನು ಮರಳಿ ಕೆಲಸಕ್ಕೆ ಹಚ್ಚುವುದು ಎಂದಾಯಿತು. ಹುಲಿಯಪ್ಪ ಬೇಸಿಗೆ ಮುಗಿಯುವುದರೊಳಗೆ ಬಕೆಟ್ಟಿನ ಹತ್ತಿರ ವಾಪಸಾದ. ಪುಟ್ಟಯ್ಯನಿಗೆ ಆ ಭಾಗ್ಯ ಬರಲಿಲ್ಲ. ಬಿಪಿ ಇಳಿಯಿತು, ಮೂತ್ರದಲ್ಲಿ ಸೋರುವುದೂ ಕಡಿಮೆಯಾಯಿತು. ಆದರೆ ದಪ್ಪವಾದ ಹೃದಯ ಅಷ್ಟು ಬೇಗ ಹಿಂದಕ್ಕೆ ಹೋಗುವುದಿಲ್ಲ, ಎತ್ತರಕ್ಕೆ ನಾನು ಒಪ್ಪುವುದಿಲ್ಲ ಎಂದು ಡಾಕ್ಟರು ಸಮತಾ ಕಡ್ಡಿ ಮುರಿದ ಹಾಗೆ ಹೇಳಿದರು. ಅಧ್ಯಯನದಲ್ಲಿ ತನ್ನನ್ನು ಕೊನೆಗೆ ಯಾವ ಗುಂಪಿಗೆ ಸೇರಿಸಿದಿರಿ ಎಂದು ಅವನು ಕೇಳಿದಾಗ, ರೋಗಿಗಳ ಗುಂಪಿಗೂ ಇಲ್ಲ, ಆರೋಗ್ಯವಂತರ ಗುಂಪಿಗೂ ಇಲ್ಲ, ಅಧ್ಯಯನದಿಂದಲೇ ಕೈಬಿಡಬೇಕಾಯಿತು ಎಂದರು. ಅಲ್ಲೂ ಫೇಲೇ ಎಂದು ಅವನು ಮುಖ ಗಂಟು ಹಾಕಿಕೊಂಡ.

ಅವನು ಕ್ರೋಟನ್‌ಗೆ ನೀರು ಹಾಕಲು ಹೋದ. ಕ್ರೇನಿನವನ ಹಳದಿ ಹೆಲ್ಮೆಟ್ಟನ್ನು ವಾಪಸು ಕೊಡು ಎಂದರೆ ಕೊಡಲಿಲ್ಲ. ಅದನ್ನು ಹಾಕಿಕೊಂಡೇ, ಎದೆ ಮುಂದೆ ಮಾಡಿಕೊಂಡು, ಆಫೀಸಿನ ಕಿಟಕಿಗಳ ಎದುರಿಗೇ ನೀರು ಹಾಕಿದ. ಹುಡುಗರಲ್ಲಿ ಒಬ್ಬ ಹೂವಿನ ಪುಟ್ಟಯ್ಯ ಎಂದು ಕೂಗಿದ. ಪುಟ್ಟಯ್ಯ ತಿರುಗಿ ನಿಂತು, ನಿನ್ನ ಬಿಪಿ ಎಷ್ಟಿದೆಯೋ ಎಂದು ಕೇಳಿದ. ಹುಡುಗನಿಗೆ ಗೊತ್ತಿರಲಿಲ್ಲ. ಆಮೇಲೆ ಯಾರೂ ಕೂಗಲಿಲ್ಲ.

ಹಾಗಂತ ಮನೆಯಲ್ಲಿ ಅವನು ಸುಧಾರಿಸಿದ ಎಂದೇನೂ ತಿಳಿಯಬೇಡಿ. ಉಪ್ಪಿಲ್ಲದ ಸಾರಿಗೆ ದಿನಾ ಒಂದು ಬೈಗುಳ ಇದ್ದೇ ಇತ್ತು. ಒಮ್ಮೊಮ್ಮೆ ಸಂಜೆ ಹೊತ್ತು ಜಗಲಿಯಲ್ಲಿ ಕೂತು, ಎರಡೂ ಕೈಯನ್ನು ಮುಂದೆ ಚಾಚಿ, ಇಲ್ಲದ ಹಿಡಿಗಳನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುತ್ತಿದ್ದ. ದುರ್ಗಮ್ಮ ಅದನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದಳು. ಗಂಡನ ರಾಜ್ಯ ಹೋದದ್ದಕ್ಕೆ ಅವಳಿಗೂ ಸಂಕಟವಿತ್ತು. ಗಂಡ ಇದ್ದಾನೆ ಎನ್ನುವ ಸಮಾಧಾನ ಅದಕ್ಕಿಂತ ದೊಡ್ಡದಿತ್ತು.

ಬೆಳಿಗ್ಗೆ ತಿಂಡಿಯಾದ ಮೇಲೆ ಅವಳು ದೇವರ ಗೂಡಿನ ಪಕ್ಕದ ಡಬ್ಬಿ ತೆರೆದು, ತನಗೊಂದು ಮಾತ್ರೆ, ಅವನಿಗೊಂದು ಮಾತ್ರೆ ತೆಗೆದು ಅವನ ಮುಂದೆ ಅಂಗೈ ಚಾಚುತ್ತಿದ್ದಳು. ಮುಂದಿನ ಮಾರ್ಚ್ ಬರಲು ಇನ್ನೂ ಬಹಳ ತಿಂಗಳಿದ್ದ ಒಂದು ದಿನ ಅವನು ಲೋಟ ಹಿಡಿದು ಗೊಣಗಿದ.

"ಇವತ್ತು ಪರೀಕ್ಷೆ ಇಲ್ವಲ್ಲೇ."

"ಅದಕ್ಕೇ ನುಂಗಿ" ಎಂದಳು ದುರ್ಗಮ್ಮ.